ಹಿಂದಿನ ಸಾಲಿನ ನಡುವಿನ ಸೀಟು

ವಸತಿಗೃಹದ ಮೇಲ್ಮಹಡಿ, ಬೆಟ್ಟದ ಬುಡ
ಫೆಬ್ರವರಿ ೧೨, ಬುಧವಾರ

ಪ್ರೀತಿಯ ಮಗಳಿಗೆ,

ನಿನ್ನ ಅತ್ತೆಯ ಆಶೀರ್ವಾದ. ಹೇಗಿದ್ದೀಯಮ್ಮಾ? ಹಾಸ್ಟೆಲಿನ ಊಟ ಹೊಟ್ಟೆಗೆ ಒಗ್ಗಿತೋ ಇಲ್ಲವೋ? ತರಬೇತಿ ಎಂದು ದಿನವಿಡೀ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತರೆ ನಿನಗೆ ಕತ್ತು ಹಿಡಿದುಕೊಳ್ಳುತ್ತದೆ, ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗು. ಪೆಟ್ಟಿಗೆಯ ತಳದಲ್ಲಿ ಉಣ್ಣೆಯ ಅಂಗಿಯೊಳಗೆ ಸುತ್ತಿ ಇಟ್ಟಿದ್ದೇನೆ, ನೀನಿನ್ನೂ ನೋಡಿರಲಿಕ್ಕಿಲ್ಲ. ನಾನು ಚೆನ್ನಾಗಿದ್ದೇನೆ. ಸೊಂಟ ಒಂದು ಕಡೆ, ಕಾಲು ಒಂದು ಕಡೆ ಎಂಬಂತಾಗಿದೆ, ಆದರೂ ಎರಡೂ ನನ್ನವೇ ಎಂದು ಗುರುತು ಸಿಗುತ್ತಿದೆ. ಹಿಂದೆಲ್ಲ ನಿನಗೆ ಬರೆಯುವಾಗ ‘ಚಿ. ಸೌ.’ ಎಂದು ಶುರುಮಾಡುತ್ತಿದ್ದೆ. ಈಗ ‘ಚಿ.’ ಎಂದು ಬರೆದ ಕೂಡಲೇ ಪೆನ್ನು ನಿಂತುಬಿಡುತ್ತದೆ. ಅದಕ್ಕೇ ಮಗಳು ಎಂದು ಬರೆದೆ, ಅದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ.

ಫೋನ್ ಮಾಡಬಹುದಿತ್ತಲ್ಲ ಅತ್ತೆ ಎನ್ನುತ್ತೀಯ. ಕೆಲಸಕ್ಕಿದ್ದಷ್ಟು ಕಾಲವೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತನ್ನೆಲ್ಲ ಜೋಡಿಸಿಕೊಟ್ಟವಳು ನಾನು. ಹುಟ್ಟಿದ್ದು, ಸತ್ತದ್ದು, ಗಂಡಹೆಂಡಿರ ಜಗಳ, ಎಲ್ಲವೂ ನನ್ನ ಕೈಮೇಲೇ ಹಾದುಹೋಗಿವೆ. ಆದರೆ ನನ್ನದೇ ಮಾತು ಆಡಬೇಕಾದರೆ ಫೋನಿನಲ್ಲಿ ನಾಲಿಗೆ ಏಳುವುದಿಲ್ಲ. ನೀನು ಆ ಕಡೆಯಿಂದ ‘ಹೇಳಿ ಅತ್ತೆ’ ಎಂದರೆ ನಾನು ಗ್ಯಾಸ್ ಸಿಲಿಂಡರ್ ಬಂತು ಎಂದು ಹೇಳಿ ಇಟ್ಟುಬಿಡುತ್ತೇನೆ. ಕಾಗದವಾದರೆ ಎದುರಿನಿಂದ ಏನೂ ಕೇಳುವುದಿಲ್ಲ.

ನೀನು ಹೊರಡುವ ಹಿಂದಿನ ಸಂಜೆ ಪಾತ್ರೆ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ‘ಅತ್ತೆ, ನಮ್ಮ ಆಸ್ಪತ್ರೆ ಎಕ್ಸ್‌ರೇ ವಿಭಾಗದವರೊಬ್ಬರು ಮದುವೆ ಆಗೋಣ್ವಾ ಅಂತ ಕೇಳಿದಾರೆ. ನನಗೂ ಮನಸ್ಸಿದೆ. ಆದ್ರೆ ನೀವು ಬೇಡ ಅಂದ್ರೆ ಬೇಡ.’ ಅವರಿಗೆ ಬೇರೆ ಊರಿಗೆ ವರ್ಗವಾಗಿದೆ, ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು ಎಂದೂ ಅಂದೆ. ನಾನು ತೊಳೆದ ಸೌಟನ್ನೇ ಮತ್ತೆ ಮತ್ತೆ ತೊಳೆದೆ. ಆಮೇಲೆ ‘ಪ್ರವಾಸ ಮುಗಿಸ್ಕೊಂಡು ಬಂದು ಹೇಳ್ತೀನಿ’ ಎಂದೆ. ಯಾವ ಪ್ರವಾಸ ಎಂದು ನೀನು ಕೇಳಲಿಲ್ಲ, ಅದು ನಿನ್ನ ದೊಡ್ಡತನ. ಏಕೆಂದರೆ ಆಗ ಯಾವ ಪ್ರವಾಸವೂ ಇರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿ ಜಾರಿಕೊಂಡೆ. ನಿನ್ನನ್ನು ರೈಲು ಹತ್ತಿಸಿ ಬಂದವಳೇ ಎಕ್ಸ್‌ಚೇಂಜಿನ ಹಳೆಯ ಗೆಳತಿಯರಿಗೆ ಫೋನಿನ ಮೇಲೆ ಫೋನ್ ಮಾಡಿ, ಆಡಿದ ಸುಳ್ಳನ್ನು ನಿಜ ಮಾಡಲು ಒಂದು ಪ್ರವಾಸ ಹುಟ್ಟಿಸಬೇಕಾಯಿತು.

ಹೊರಟವರು ನಾಲ್ವರು. ನಮ್ಮ ಸೂಪರ್‌ವೈಸರ್ ನಿನಗೆ ಗೊತ್ತು. ನಿವೃತ್ತಿಯಾಗಿ ಎಷ್ಟು ಕಾಲವಾದರೂ ಅವಳು ಮಾತಾಡಿದರೆ ಹಾಜರಿ ತೆಗೆದುಕೊಳ್ಳುತ್ತಿರುವಂತೆ ಕೇಳಿಸುತ್ತದೆ. ಎರಡನೆಯವಳು ರಾಂಗ್‌ನಂಬರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮದುವೆ ಮನೆಯವರು ವಾದ್ಯದವರನ್ನು ಕೇಳಿದರೆ ಹೆಣ ಸಾಗಿಸುವ ಗಾಡಿಯವನಿಗೆ ಜೋಡಿಸಿಕೊಟ್ಟಳು, ಅಂದು ಅಂಟಿದ ಹೆಸರು ಇಂದಿಗೂ ಬಿಟ್ಟಿಲ್ಲ. ಮೂರನೆಯವಳು ಪಿಸುಮಾತು. ಅವಳು ದನಿಯೆತ್ತಿದ್ದನ್ನು ಕೇಳಿದವರಿಲ್ಲ. ನನ್ನ ಮಗ ಜ್ವರವೆಂದು ಮಲಗಿ ಏಳದೆ ಹೋದಾಗ ತಿಂಗಳಿಡೀ ನಮ್ಮ ಮನೆಯಲ್ಲಿದ್ದು ದಿನಾ ನಿನ್ನ ತಲೆ ಬಾಚಿದವಳು ಇವಳೇ. ಎಲ್ಲರೂ ಬೆನ್ನಿಗೆ ಚೀಲ ಹಾಕಿಕೊಂಡೇ ಬರಬೇಕೆಂದು ಸೂಪರ್‌ವೈಸರ್ ಹುಕುಂ ಮಾಡಿದಳು. ‘ಸೂಟ್‌ಕೇಸ್ ಹಿಡ್ಕೊಂಡ್ರೆ ಮುದುಕೀರು ಅಂತಾರೆ, ಬೆನ್ನಿಗೆ ಹಾಕ್ಕೊಂಡ್ರೆ ಪ್ರವಾಸಿಗಳು ಅಂತಾರೆ’ ಎಂದಳು. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ನಮ್ಮನ್ನು ಮೇಲಿಂದ ಕೆಳಗೆ ನೋಡಿ ‘ಯಾವ ಕಾಲೇಜು?’ ಎಂದು ಕೇಳಿದ. ನನ್ನ ಬೆನ್ನ ಮೇಲಿದ್ದದ್ದು ಮಗನ ಹಳೆಯ ಚೀಲ. ನಿನಗೆ ಹೇಳದೆ ಅಟ್ಟದಿಂದ ಇಳಿಸಿಕೊಂಡಿದ್ದೆ. ಪಕ್ಕದ ಜೇಬಿನಲ್ಲಿ ಅವನು ಅರ್ಧ ತಿಂದು ಸುತ್ತಿಟ್ಟ ಪೆಪ್ಪರ್‌ಮಿಂಟಿನ ಸುರುಳಿ ಹಾಗೇ ಇತ್ತು, ಕಾಗದಕ್ಕೆ ಅಂಟಿಕೊಂಡು.

ಟಿಕೆಟ್ ಕಾದಿರಿಸುವ ಕೆಲಸವನ್ನು ರಾಂಗ್‌ನಂಬರಿಗೆ ವಹಿಸಿದ್ದು ನಮ್ಮ ತಪ್ಪು. ಮೊಬೈಲಿನಲ್ಲಿ ಸೀಟುಗಳ ಚಿತ್ರ ಬರುತ್ತದಲ್ಲ, ಅದನ್ನು ಅವಳು ತಲೆಕೆಳಗು ಮಾಡಿಕೊಂಡಿದ್ದಾಳೆ. ಮೊದಲನೆಯ ಸಾಲು ಎಂದು ಅವಳು ಒತ್ತಿದ್ದು ಕಟ್ಟಕಡೆಯ ಸಾಲು. ‘ಸ್ಟೀರಿಂಗ್ ಚಿತ್ರ ಹಾಕಿದ್ರು ಕಣ್ರೇ, ನಾನು ಅದು ಸ್ಟೆಪ್ನಿ ಅಂದ್ಕೊಂಡೆ’ ಎಂದಳು. ಬೈಯಲು ಬಾಯಿ ತೆರೆದ ಸೂಪರ್‌ವೈಸರ್ ನಗು ತಡೆಯಲಾಗದೆ ಕೂತುಬಿಟ್ಟಳು. ಆ ನಗು ಊರು ದಾಟುವವರೆಗೆ ಇತ್ತು. ಆಮೇಲೆ ಬಸ್ಸು ತನ್ನ ಗುಣ ತೋರಿಸಿತು. ಹಿಂದಿನ ಸಾಲಿನ ಸೀಟುಗಳು ಒರಗುವುದಿಲ್ಲ, ಮುಂದಿನ ಸಾಲಿನವರು ಮಾತ್ರ ಧಾರಾಳವಾಗಿ ಒರಗಿ ನಮ್ಮ ಮಂಡಿಯ ಮೇಲೆ ಬರುತ್ತಾರೆ. ಕಿಟಕಿಯ ಗಾಜು ಪೂರ್ತಿ ಮುಚ್ಚದೆ ಒಂದು ಬೆರಳಷ್ಟು ಗಾಳಿ ನೇರ ಕಿವಿಗೆ ಹೊಡೆಯುತ್ತದೆ, ಕಾಲಡಿಯಲ್ಲಿ ಇಂಜಿನ್ನಿನ ಕಾವು. ಮೇಲೆ ಚಳಿ, ಕೆಳಗೆ ಸೆಕೆ, ನಡುವೆ ನಾವು. ಯಾರೋ ಶೂ ಬಿಚ್ಚಿದ ವಾಸನೆ ಬೇರೆ. ಬಸ್ಸು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಯಾರೂ ನೀರು ಕುಡಿಯಕೂಡದು ಎಂದು ಸೂಪರ್‌ವೈಸರ್ ಕಟ್ಟಪ್ಪಣೆ ಮಾಡಿದ್ದಳು. ಗಂಟಲು ಒಣಗಿ, ಯಾವ ಸುಖಕ್ಕೆ ಬಂದೆವಪ್ಪಾ ಎಂದು ನಾಲ್ವರೂ ಅಂದುಕೊಂಡರೂ ಒಬ್ಬರೂ ಬಾಯಿಬಿಡಲಿಲ್ಲ.

ಆ ಸಾಲಿನಲ್ಲಿ ಐದು ಸೀಟು. ಒಂದು ತುದಿಯಲ್ಲಿ ಅಪರಿಚಿತ ಗಂಡಸೊಬ್ಬ, ಬಸ್ಸು ಹೊರಡುವ ಮೊದಲೇ ನಿದ್ದೆ ಹೋಗಿ ಸೂಪರ್‌ವೈಸರಿನ ಹೆಗಲನ್ನು ದಿಂಬು ಮಾಡಿಕೊಂಡಿದ್ದ. ಅವಳ ಜೀವಮಾನದಲ್ಲಿ ಅಂಥ ಸಲಿಗೆ ಯಾರೂ ತೋರಿಸಿರಲಿಲ್ಲ. ಐದರಲ್ಲಿ ನಡುವಿನದು ಪಾಪಿ ಸೀಟು. ಎದುರಿಗೆ ಬರೀ ಓಣಿ, ಹಿಡಿದುಕೊಳ್ಳಲು ಏನೂ ಇಲ್ಲ, ಬ್ರೇಕ್ ಹಾಕಿದರೆ ಡ್ರೈವರಿನವರೆಗೂ ಜಾರಿಕೊಂಡು ಹೋಗಬಹುದು. ನಮ್ಮ ಎಕ್ಸ್‌ಚೇಂಜಿನಲ್ಲೂ ಬಾಗಿಲ ಪಕ್ಕದ, ಕರೆ ಜೋಡಿಸುವ ಬೋರ್ಡು ಹೀಗೇ ಇತ್ತು, ಗಾಳಿ, ಗದ್ದಲ, ಎಡೆಬಿಡದ ಕರೆ. ಅಲ್ಲಿ ಯಾರನ್ನೂ ರಾತ್ರಿಯಿಡೀ ಕೂರಿಸುತ್ತಿರಲಿಲ್ಲ. ಬಿಡಿಸುವವಳು ಬಂದು ಹೆಗಲ ಮೇಲೆ ಕೈಯಿಟ್ಟು ‘ಏಳು’ ಎಂದರೆ ಕೂತವಳು ಮರುಮಾತಿಲ್ಲದೆ ಎದ್ದು ಹೆಡ್‌ಫೋನ್ ಅವಳ ಕೈಗೆ ಕೊಡಬೇಕು. ನನಗೆ ದಣಿವಾಗಿಲ್ಲ, ಇನ್ನೂ ಕೂರುತ್ತೇನೆ ಎನ್ನುವಂತಿಲ್ಲ. ಸೂಪರ್‌ವೈಸರ್ ಅದೇ ಕ್ರಮವನ್ನು ಬಸ್ಸಿಗೂ ತಂದಳು, ನಡುವಿನ ಸೀಟಿಗೆ ಸರದಿ ಹಾಕಿದಳು.

ನನ್ನ ಸರದಿ ಬಂದಾಗ ದೀಪ ಆರಿಸಿದ್ದರು. ಓಣಿಯ ಎರಡೂ ಕಡೆ ಬರೀ ತಲೆಗಳು, ಬಸ್ಸು ಹೊರಳಿದ ಕಡೆಗೆ ಹೊರಳುತ್ತಿದ್ದವು. ನಾನು ಮಗನ ಚೀಲವನ್ನು ಅಪ್ಪಿಕೊಂಡು ಕೂತೆ. ಮೈ ನೋಯುತ್ತಿತ್ತು. ನಿಜ ಹೇಳಲಾ, ಆ ನೋವು ಬೇಕೆನಿಸಿತು. ಮಗನಿಲ್ಲದ ಮೇಲೆ ಮೆತ್ತಗೆ ಕೂರುವುದೇ ತಪ್ಪು ಎಂಬ ಹಟ ನನ್ನಲ್ಲಿ ಎಂದಿನಿಂದಲೋ ಬೇರೂರಿದೆ. ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ಕೈ ಬಿತ್ತು. ಪಿಸುಮಾತು ಕಿಟಕಿಯ ಬಳಿಯ ತನ್ನ ಸೀಟು ಬಿಟ್ಟು ಎದ್ದು ಬಂದು ‘ಏಳೇ, ನನ್ನ ಸರದಿ’ ಎಂದಳು. ನಾನು ಏಳಲಿಲ್ಲ. ‘ನೀನು ಹೋಗಿ ಮಲಗು. ಮಗನ್ನ ಕಳ್ಕೊಂಡೋಳಿಗೆ ಎಲ್ಲಿ ಕೂತ್ರೇನು’ ಎಂದು ಕಣ್ಣುಮುಚ್ಚಿಕೊಂಡೆ. ಅವಳು ಎರಡನೆಯ ಸಲ ಕೇಳಲಿಲ್ಲ. ಹೋಗಿ ಕೂತಳು ಎಂದುಕೊಂಡೆ, ಕಣ್ಣು ತೆರೆದು ನೋಡಲಿಲ್ಲ. ಅಷ್ಟರಲ್ಲಿ ರಾಂಗ್‌ನಂಬರ್ ನಿದ್ದೆಗಣ್ಣಿನಲ್ಲಿ ಅವಳ ಸೀಟಿನ ಮೇಲೆ ಕಾಲು ಚಾಚಿಬಿಟ್ಟಿದ್ದಳು. ಎಬ್ಬಿಸುವ ಜಾಯಮಾನ ಪಿಸುಮಾತಿನದಲ್ಲ. ಅವಳು ನನ್ನ ಎದುರಿಗೇ, ಓಣಿಯಲ್ಲಿ, ಮೇಲಿನ ಕಂಬಿ ಹಿಡಿದು ನಿಂತೇ ಇದ್ದಳು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಬಸ್ಸು ಒಂದು ಉಬ್ಬಿನ ಮೇಲೆ ಹಾರಿದಾಗ ಧೊಪ್ಪೆಂದ ಸದ್ದಿಗೆ ಕಣ್ಣು ಬಿಟ್ಟರೆ ಅವಳು ನನ್ನ ಪಾದದ ಬಳಿ ಬಿದ್ದಿದ್ದಳು, ಮಂಡಿ ಸೀಟಿನ ಕಬ್ಬಿಣಕ್ಕೆ ಬಡಿದಿತ್ತು.

ಆಮೇಲೆ ಎಲ್ಲರೂ ಎದ್ದರು, ದೀಪ ಹಾಕಿದರು, ಕಂಡಕ್ಟರ್ ತನ್ನ ಬಾಟಲಿಯ ನೀರು ಕೊಟ್ಟ. ಮಂಡಿ ಮಡಚಲಾಗದೆ ಅವಳು ಓಣಿಯಲ್ಲೇ ನನ್ನ ಮಗನ ಚೀಲದ ಮೇಲೆ ಕಾಲು ನೀಡಿ ಕೂತಳು. ನಾನೂ ಸೀಟಿನಿಂದ ಇಳಿದು ಅವಳ ಪಕ್ಕ ನೆಲದ ಮೇಲೆ ಕೂತೆ. ನಡುವಿನ ಸೀಟು ಖಾಲಿ ಬಿದ್ದಿತ್ತು, ನೋಡು ನಮ್ಮ ಬುದ್ಧಿ. ಬಸ್ಸು ಮತ್ತೆ ಕತ್ತಲಾದ ಮೇಲೆ ಅವಳು ಎಂದಿನ ಸಣ್ಣ ದನಿಯಲ್ಲಿ ಹೇಳಿದಳು. ‘ನೀನು ನಿನ್ನ ದುಃಖದಲ್ಲಿ ಗಟ್ಟಿಯಾಗಿ ಕೂತ್ಬಿಟ್ಟಿದ್ದೆ. ನಾನು ನಿಂತಿರೋದು ನಿನಗೆ ಕಾಣಲಿಲ್ಲ.’ ನಾನು ಅವಳ ಮಂಡಿ ನೀವುತ್ತಿದ್ದೆ. ಮತ್ತೆ, ‘ಆ ಹುಡುಗೀನೂ ನಿಂತೇ ಇದಾಳೆ ಕಣೇ’ ಎಂದಳು. ಅವಳಿಗೆ ನಾನು ನಿನ್ನ ವಿಷಯ ಹೇಳಿರಲಿಲ್ಲ. ನೀನೇ ಹೇಳಿದ್ದೆಯಂತೆ, ನನಗೆ ಹೇಳುವ ಮೊದಲೇ. ಬೇಸರವಿಲ್ಲ. ನನಗೆ ಹೇಳಲು ನಿನಗೆ ಎಷ್ಟು ಹೆದರಿಕೆಯಿತ್ತು ಎಂದು ತಿಳಿದದ್ದಕ್ಕೆ ಮಾತ್ರ ಸಂಕಟವಾಯಿತು.

ಆಗ ನೆನಪಾಯಿತು. ನೀನು ಆಸ್ಪತ್ರೆಯಲ್ಲಿ ಮರೆತ ಕೊಡೆ ಕೊಡಲು ಆ ಎಕ್ಸ್‌ರೇಯವರು ಒಮ್ಮೆ ಮನೆಗೆ ಬಂದಿದ್ದರು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂರಲು ಹೋದಾಗ ‘ಅಲ್ಲಿ ಬೇಡ’ ಎಂದೆ, ಅದು ನನ್ನ ಮಗನ ಕುರ್ಚಿ ಎಂದು. ಬೇರೆ ಕುರ್ಚಿ ತೋರಿಸಲೂ ಇಲ್ಲ. ಅವರು ನಿಂತೇ ಚಹಾ ಕುಡಿದರು. ಅವರು ನಿಂತಿದ್ದಾರೆಂದು ನೀನೂ ನಿಂತೆ. ಆರಾಮವಾಗಿ ಕೂತಿದ್ದವಳು ನಾನೊಬ್ಬಳೇ. ಅವರು ಹೋದ ಮೇಲೆ ನೀನು ಲೋಟ ತೊಳೆದಿಟ್ಟೆ.

ಬೆಳಗ್ಗೆ ಇಳಿದ ಕೂಡಲೇ ಪಿಸುಮಾತನ್ನು ಇಲ್ಲಿಯ ಚಿಕ್ಕ ದವಾಖಾನೆಗೆ ಕರೆದೊಯ್ದೆವು. ಮೂಳೆ ಮುರಿದಿಲ್ಲ, ಊತವಿದೆ, ನಡೆಯಬಾರದು ಎಂದರು. ಅಲ್ಲಿಗೆ ಬೆಟ್ಟ ಹತ್ತುವ ಯೋಜನೆ ಮಣ್ಣುಪಾಲು. ಈಗ ನಾಲ್ವರೂ ಈ ಕೋಣೆಯಲ್ಲಿ ಕೂತು ಕಿಟಕಿಯಿಂದಲೇ ಬೆಟ್ಟ ನೋಡುತ್ತಿದ್ದೇವೆ. ರಾಂಗ್‌ನಂಬರ್ ಪಶ್ಚಾತ್ತಾಪದಿಂದ ಎಲ್ಲರ ಬಟ್ಟೆ ಒಗೆಯುತ್ತಿದ್ದಾಳೆ. ಪಿಸುಮಾತು ಕಾಲು ದಿಂಬಿನ ಮೇಲಿಟ್ಟು ಮಲಗಿದ್ದಾಳೆ, ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನನಗೆ ಭಯವಿದೆ ಮಗಳೇ, ಅದನ್ನು ಯಾಕೆ ಮುಚ್ಚಿಡಲಿ. ಒಬ್ಬಳೇ ಇರಬೇಕಲ್ಲ ಎಂಬ ಭಯವಲ್ಲ. ಅನ್ನ ಬೇಯಿಸಿಕೊಳ್ಳಲು ಬರುತ್ತದೆ, ಬಾಗಿಲು ಹಾಕಿಕೊಳ್ಳಲು ಬರುತ್ತದೆ. ಸಂಜೆ ನಾವಿಬ್ಬರೂ ಕೂತಾಗ ನೀನು ಸುಮ್ಮನೆ ‘ಅವರಿದ್ದಿದ್ರೆ ಇದಕ್ಕೆ ಉಪ್ಪು ಸಾಲ್ದು ಅಂತಿದ್ರು’ ಎನ್ನುತ್ತೀಯಲ್ಲ, ಆ ಮಾತಿಗೆ ನಾನು ದಿನವೆಲ್ಲ ಕಾಯುತ್ತೇನೆ. ನೀನು ಹೋದರೆ ಅವನ ಬಗ್ಗೆ ಹೀಗೆ ಸಾಧಾರಣವಾಗಿ ಮಾತಾಡುವವರು ಯಾರೂ ಉಳಿಯುವುದಿಲ್ಲ. ಉಳಿದವರು ಅವನ ಹೆಸರೆತ್ತಿದರೆ ದನಿ ತಗ್ಗಿಸುತ್ತಾರೆ. ಅವನು ನಿನ್ನ ಬಾಯಲ್ಲಿ ಇನ್ನೂ ಇದ್ದಾನೆ ಎಂದೇ ನಿನ್ನನ್ನು ಹಿಡಿದಿಟ್ಟುಕೊಂಡೆ. ಅದು ನಿನ್ನ ಮೇಲಿನ ಪ್ರೀತಿಯೇ ಎಂದು ಇಷ್ಟು ದಿನ ನಂಬಿದ್ದೆ. ಪ್ರೀತಿಯೂ ಇತ್ತು, ಸುಳ್ಳಲ್ಲ.

ಸೂಪರ್‌ವೈಸರ್ ಊಟಕ್ಕೆ ಕರೆಯುತ್ತಿದ್ದಾಳೆ, ತಡವಾದರೆ ಗೈರುಹಾಜರಿ ಹಾಕುತ್ತಾಳೆ. ನಿನ್ನ ಕೋಣೆಯ ಗೆಳತಿಯರಿಗೆ ನನ್ನ ನೆನಪು ತಿಳಿಸು. ನಿನ್ನ ತಾಯಿಗೆ ಫೋನ್ ಮಾಡಿದಾಗ ಬೀಗಿತ್ತಿ ಚೆನ್ನಾಗಿದ್ದಾರೆ, ಬೆನ್ನಿಗೆ ಚೀಲ ಹಾಕಿಕೊಂಡು ಊರು ತಿರುಗುತ್ತಿದ್ದಾರೆ ಎಂದು ಹೇಳು, ನಗಲಿ. ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತ ಕೂರಬೇಡ. ನೂರು ಕಾಲ ತಣ್ಣಗಿರು.

ಇತಿ,
ನಿನ್ನ ಅತ್ತೆ

ವಿ.ಸೂ.: ಅಂಚೆಪೆಟ್ಟಿಗೆಯ ಎದುರು ನಿಂತು ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ಇಷ್ಟುದ್ದ ಬರೆದೂ ನೀನು ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ. ಅವರಿಗೆ ಆಗಲಿ ಎಂದು ಹೇಳು. ತಿಂಗಳ ಕೊನೆಯವರೆಗೆ ಕಾಯಿಸಬೇಡ, ಈ ಕಾಗದ ಕೈಸೇರಿದ ದಿನವೇ ಹೇಳು. ಮದುವೆಗೆ ಅತ್ತೆಯನ್ನು ಹೇಗೆ ಕರೆಯುವುದು, ಯಾರೆಂದು ಹೇಳುವುದು ಎಂದು ತಲೆ ಕೆಡಿಸಿಕೊಳ್ಳಬೇಡ. ನಾನು ಹೆಣ್ಣಿನ ಕಡೆಯವಳಾಗಿ ಬರುತ್ತೇನೆ. ಅಂದು ನನಗೆ ಅಳು ಬರುತ್ತದೆ, ತಡೆಯುತ್ತೇನೆ ಎಂದು ಮಾತು ಕೊಡಲಾರೆ. ಹೆಣ್ಣಿನ ಕಡೆಯವರು ಅತ್ತರೆ ಯಾಕೆ ಎಂದು ಯಾರೂ ಕೇಳುವುದಿಲ್ಲ.