ಮದ್ದು ಹಾಕದ ಸಾಲುಗಳು

ಬ್ಯಾಡಗಿ,
ತಾ. ೧೩ ಡಿಸೆಂಬರ್ ೧೯೩೮

ಗೋದೂನ ಅಪ್ಪನವರಿಗೆ ವೆಂಕೂಬಾಯಿಯ ನಮಸ್ಕಾರಗಳು.

ಮಿರಜದಲ್ಲಿ ಈ ಸಲ ಚಳಿ ಜೋರೆಂದು ಕೇಳಿದೆ. ಸಂಜೆಯ ಜ್ವರ ಇಳಿಯಿತೇ? ಕಫದಲ್ಲಿ ಕೆಂಪು ಕಾಣುವುದು ನಿಂತಿತೇ? ಹೋದ ಪತ್ರದಲ್ಲಿ ನಿಮ್ಮ ಆರೋಗ್ಯದ ಒಂದು ಮಾತೂ ಇಲ್ಲ, ಪುಟದ ತುಂಬ ಪ್ರಯೋಗದ ವರದಿ ಬರೆಯುವುದು ಹೇಗೆ ಎಂಬುದೇ. ದವಾಖಾನೆಯಲ್ಲಿ ಕೊಡುವ ಹಾಲನ್ನು ಬಿಡಬೇಡಿ, ವಾಸನೆ ಬಂದರೂ ಕಣ್ಣು ಮುಚ್ಚಿ ಕುಡಿಯಿರಿ. ಗೋದೂ ಚೆನ್ನಾಗಿದ್ದಾಳೆ. ಅಪ್ಪ ಯಾವಾಗ ಬರ್ತಾನ ಎಂದು ಕೇಳುವುದನ್ನು ಈಗ ಬಿಟ್ಟಿದ್ದಾಳೆ, ಅದೇ ನನಗೆ ಹೆಚ್ಚಿನ ಸಂಕಟ. ನಾನು ಆರಾಮ. ಆರಾಮ ಎಂದು ಬರೆಯುವುದೂ ಈಗೀಗ ಒಂದು ಕೆಲಸವೇ ಆಗಿದೆ.

ನಿಮ್ಮ ಬದಲು ಬೇಸಾಯ ಖಾತೆಗೆ ಕಳಿಸಬೇಕಾದ ವರದಿಗೆ, ನೀವು ಹೇಳಿದ ಕ್ರಮದಲ್ಲೇ ಕೂತೆ. ಏನನ್ನು ತಿಳಿಯಬೇಕೆಂದು ಹೊರಟೆವು, ಏನು ಮಾಡಿದೆವು, ಏನು ಕಂಡಿತು, ಕಟ್ಟಕಡೆಗೆ ಅದರಿಂದ ಏನು ತಿಳಿಯಿತು. ಕಂಡದ್ದಕ್ಕೂ ತಿಳಿದದ್ದಕ್ಕೂ ನಡುವೆ ಗೋಡೆ ಇರಬೇಕೆಂದು ಬರೆದಿದ್ದಿರಿ. ಮೊದಲ ಸಲ ನಾನು "ಪಾಪ, ಮೆಣಸಿನ ಗಿಡಗಳು ಮುದುಡಿ ಕೂತಿದ್ದವು" ಎಂದು ಬರೆದು ಹೊಡೆದುಹಾಕಿದೆ. ವರದಿಯಲ್ಲಿ ಪಾಪ ಎನ್ನಬಾರದಲ್ಲ! ಎಲೆ ದೋಣಿಯಂತೆ ಮೇಲಕ್ಕೆ ಮಡಚಿಕೊಂಡಿತ್ತು, ಅಂಚು ಕಂದಿತ್ತು ಎಂದಷ್ಟೇ ಬರೆದೆ. ತಂಬಾಕಿನ ಕಷಾಯಕ್ಕೆ ಸಾಬೂನು ಕದಡಿದ್ದು, ಒಂದು ಸಾಲಿಗೆ ಆ ಮದ್ದು ಹಾಕಿ ಮಗ್ಗುಲಿನ ಸಾಲನ್ನು ಹಾಗೆಯೇ ಬಿಟ್ಟದ್ದು, ಎಲ್ಲ ಬರೆದೆ. ಹಾಗೆ ಬಿಟ್ಟ ಸಾಲು ಇರದಿದ್ದರೆ ರೋಗ ಹೋದದ್ದು ಮದ್ದಿನಿಂದಲೋ ಹವೆಯಿಂದಲೋ ಗೊತ್ತಾಗುವುದಿಲ್ಲ ಎಂದು ಮದುವೆಯ ಹೊಸದರಲ್ಲಿ ಉಪ್ಪಿನಕಾಯಿಯ ಭರಣಿಗಳನ್ನು ಮುಂದಿಟ್ಟುಕೊಂಡು ನನಗೆ ತಿಳಿಸಿ ಹೇಳಿದ್ದಿರಿ. ಬೇರೆ ಗಂಡಂದಿರು ಹೆಂಡತಿಯೊಡನೆ ಏನು ಮಾತಾಡುತ್ತಾರೋ ಎಂದು ಆಗ ನಗು ಬಂದಿತ್ತು. ಈಗ ಒಲೆಯ ಕೆಲಸ ಮುಗಿಸಿ, ಮಾವನವರ ಕಾಲಿಗೆ ಎಣ್ಣೆ ತಿಕ್ಕಿ ಲೆಕ್ಕಣಿಕೆ ಹಿಡಿದರೆ ಬೆರಳೇ ಬಾಗುವುದಿಲ್ಲ.

ಏನು ಕಂಡಿತು ಎಂಬಲ್ಲಿಗೆ ಬಂದಾಗ ಎಲ್ಲ ಕೆಟ್ಟಿತು. ಪ್ರಯೋಗ ನಡೆದ, ಕಾಗಿನೆಲೆ ರಸ್ತೆಯ ಮೈಲಾರೆಪ್ಪನ ಹೊಲಕ್ಕೆ ಚಕ್ಕಡಿಯಲ್ಲಿ ಹೋಗಿ ನೋಡಿದರೆ ಮದ್ದು ಹಾಕಿದ ಸಾಲೂ ಹಸಿರು, ಹಾಕದೆ ಬಿಟ್ಟ ಸಾಲೂ ಹಸಿರು. ಎರಡರಲ್ಲೂ ಹೊಸ ಚಿಗುರು. ಇಷ್ಟು ವರ್ಷ ಕಷಾಯದ ಹೊಗೆಯಲ್ಲಿ ಕೆಮ್ಮುತ್ತ ನೀವು ಮಾಡಿದ್ದೆಲ್ಲ ವ್ಯರ್ಥವಾಯಿತೇ? ಮನೆಗೆ ಬಂದು "ಮದ್ದಿನಿಂದ ವ್ಯತ್ಯಾಸ ಕಾಣಲಿಲ್ಲ" ಎಂದು ಬರೆದು, ಹಿತ್ತಲಿಗೆ ಹೋಗಿ ಅತ್ತೆ. ಆದರೂ ಮನಸ್ಸು ಒಪ್ಪದೆ ಮರುದಿನ ಮತ್ತೆ ಹೋದೆ. ಬಿಟ್ಟ ಸಾಲಿನ ಎಲೆ ಹೊರಳಿಸಿ ಮೂಗಿಗೆ ಹಿಡಿದರೆ ಖಮಟು ತಂಬಾಕಿನ ವಾಸನೆ!

ಮೈಲಾರೆಪ್ಪನ ಹೆಂಡತಿ ಕರಿಯವ್ವ ಬದುವಿನ ಮೇಲೆ ಸೆರಗು ಹೊಸೆಯುತ್ತ ನಿಂತಿದ್ದಳು. ನಾನು ಕೇಳುವ ಮೊದಲೇ, "ನಾನ ಹಾಕೇನ್ರಿ ಅಕ್ಕಾರ," ಎಂದಳು. ಗಂಡ ಏಳುವ ಮೊದಲು, ಗಡಿಗೆಯ ತಳದಲ್ಲಿ ಉಳಿದ ಕಷಾಯವನ್ನು ಬೇವಿನ ತೊಪ್ಪಲಿನಿಂದ ಚಿಮುಕಿಸುತ್ತಿದ್ದಳಂತೆ. "ಒಂದು ಸಾಲಿಗೆ ಔಷಧ ಕೊಡ್ತೀರಿ, ಮಗ್ಗಲದ್ದು ಸಾಯಾಕ ಬಿಡ್ತೀರಿ. ಅದನ್ನ ನೋಡಕೋತ ಕುಂದ್ರೂದು ನನ್ನ ಕೈಲೆ ಆಗಲಿಲ್ರಿ." ಮೈಲಾರೆಪ್ಪ ಓಡಿಬಂದು, "ರಾಯರ ನೌಕರಿ ತಿಂದಿ ನೀ!" ಎಂದು ಕೈ ಎತ್ತಿದ. ನಾನು ತಡೆದೆ. ನೀವು ಅಲ್ಲಿ ಮಲಗಿರುವಾಗ, ಸಾಯುವುದನ್ನು ನೋಡಲಾರೆ ಎಂದವಳನ್ನು ನಾನು ಯಾವ ಬಾಯಿಂದ ಬೈಯಲಿ?

ವರದಿ ಒಯ್ಯಲು ನಿಮ್ಮ ಕಚೇರಿಯ ಕಾರಕೂನ ಚನ್ನಬಸಪ್ಪನವರು ಬಂದರು. ನಡೆದದ್ದನ್ನು ಹೇಳಿದೆ. ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಇಷ್ಟ ಹೌದಲ್ರಿ ಬಾಯಾರ? ಬಿಟ್ಟ ಸಾಲು ಒಣಗಿದ್ವು ಅಂತ ಬರೀರಿ. ಮದ್ದು ಖರೇನ ಚಲೋ ಐತಿ, ಯಾರಿಗೆ ಮೋಸ ಆತು? ಇಲ್ಲಾಂದ್ರ ಮುಂದಿನ ವರ್ಷ ಪ್ರಯೋಗಾನೂ ಇಲ್ಲ, ರಾಯರ ಜಾಗಾನೂ ಇಲ್ಲ," ಎಂದರು. ಕೆಟ್ಟ ಮನುಷ್ಯರಲ್ಲ, ನಮ್ಮ ಮೇಲಿನ ಅಂತಃಕರಣದಿಂದಲೇ ಅಂದದ್ದು. ಹೋದ ವರ್ಷ ಬಿಟ್ಟ ಸಾಲು ಒಣಗಿದ್ದನ್ನು ನಾನೂ ಕಣ್ಣಾರೆ ಕಂಡಿದ್ದೆ. ವರದಿ ಸಿದ್ಧವಿಲ್ಲದೆ ಅವರು ಬರಿಗೈಲೆ ಹೋದಮೇಲೆ "ಮದ್ದು ಹಾಕದ ಸಾಲುಗಳು ಒಣಗಿದವು" ಎಂದು ಬರೆದೂ ಬಿಟ್ಟೆ. ವಾಕ್ಯ ಚೆಂದವಾಗಿಯೇ ಕಂಡಿತು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ. ಎಂದೋ ಎಲ್ಲೋ ಕೂತು ಇದನ್ನು ಓದುವವನು ಬ್ಯಾಡಗಿಗೆ ಬಂದು, ಬಾಯೀ, ನೀವು ಖರೇ ಕಂಡಿರೇನು ಎಂದು ನನ್ನನ್ನು ಕೇಳಲಾರ. ಅವನಿಗೆ ಈ ಹಾಳೆಯೇ ಕಣ್ಣು. ಹಾಳೆ ಹರಿದೆ.

ಹೊಸ ಹಾಳೆಯಲ್ಲಿ ಹೀಗೆ ಬರೆದೆ: ಬಿಟ್ಟ ಸಾಲುಗಳಿಗೂ ಹೊಲದವರು ಮದ್ದು ಹಾಕಿದ್ದಾರೆ. ಯಾವಾಗಿನಿಂದ, ಎಷ್ಟು ಎಂಬುದು ಖಚಿತವಿಲ್ಲ. ಎರಡೂ ಬಗೆಯ ಸಾಲು ಚೇತರಿಸಿಕೊಂಡಿವೆ. ಆದ್ದರಿಂದ ಮದ್ದಿನ ಗುಣವನ್ನು ಈ ವರ್ಷದ ಬೆಳೆಯಿಂದ ಹೇಳಲಾಗದು, ಮತ್ತೊಮ್ಮೆ ಮಾಡಿ ನೋಡಬೇಕು. ಕರಿಯವ್ವನ ಹೆಸರು ಎತ್ತಿಲ್ಲ. ಅವಳ ಹೆಸರಿಲ್ಲದೆಯೂ ಗಿಡದ ಮಾತು ಪೂರ್ತಿಯಾಗುತ್ತದೆ. ಇದನ್ನು ಹೀಗೇ ಕಳಿಸಲೇ, ಬೇಡವೇ ಎಂದು ನಿಮ್ಮನ್ನು ಕೇಳಲೆಂದೇ ಈ ಪತ್ರ ಶುರುಮಾಡಿದೆ. ಬರೆಯುತ್ತ ಬರೆಯುತ್ತ ದಣಿದೆ.

ಮಾವನವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ರಾತ್ರಿ ಕಿವಿಗೆ ಅರಿವೆ ಕಟ್ಟಿಕೊಂಡೇ ಮಲಗಬೇಕಂತೆ. ಗೋದೂ ಹಾಳೆಯ ಮೂಲೆಯಲ್ಲಿ ಗಿಳಿ ಬರೆದಿದ್ದಾಳೆ, ಕೋಳಿ ಎನ್ನಬೇಡಿ. ನೀವು ಗುಣವಾಗುವುದೊಂದೇ ನನಗೆ ಬೇಕಾದದ್ದು.

ನಿಮ್ಮ,
ವೆಂಕೂಬಾಯಿ

ತಾ. ಕ.: ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ. ಖರೇ ಹೇಳಿಬಿಡುತ್ತೇನೆ, ವರದಿ ನಿನ್ನೆಯೇ ಹೋಯಿತು. ಕೇಳಿದರೆ ಗೋದೂನ, ನನ್ನ ಮುಖ ನೆನೆದು ಬೇಡವೆನ್ನುವಿರೇನೋ ಎಂದು ಹೆದರಿ, ಕೇಳದೆ ನಾನೇ ಟಪಾಲು ಕಚೇರಿಗೆ ಹೋಗಿ ಹಾಕಿಬಂದೆ. ಕೆಳಗೆ ನಿಮ್ಮ ಹೆಸರಿಲ್ಲ. ನೋಡಿದವಳು ನಾನಾದ್ದರಿಂದ ನನ್ನ ಸಹಿಯನ್ನೇ ಮಾಡಿದ್ದೇನೆ. ಸಿಟ್ಟು ಬಂದರೆ ಪತ್ರದಲ್ಲಿ ಬೈಯಬೇಡಿ. ಊರಿಗೆ ಬಂದು, ಎದುರಿಗೆ ನಿಂತು ಬೈಯಿರಿ.