ಐದು ಜನಕ್ಕೆ ನಾಲ್ಕೇ ಗೇಟ್ ಟಿಕೆಟ್

ಕುದೇರು, ಭಾನುವಾರ

ಮಗ ಕುಮಾರಸ್ವಾಮಿಗೆ,

ಫೋನಿನಲ್ಲಾದರೆ ನೀನು ಮಾತು ತೇಲಿಸುತ್ತೀಯ. ಅದಕ್ಕೇ ಬರೆದು ನಿನ್ನ ಮಗಳು ಭವ್ಯನ ಕೈಯಲ್ಲಿ ಗುಂಡ್ಲುಪೇಟೆಗೆ ಕಳಿಸಿದ್ದೇನೆ. ಪೂರ್ತಿ ಓದು.

ಸಿಂಗಾಪುರಕ್ಕೆ ಬಾರವ್ವ ಅಂತ ನೀನು ಕರೆದಾಗ ಬೀದಿಗೆಲ್ಲ ಹೇಳಿಕೊಂಡು ಬಂದೆ. ಮೊನ್ನೆ ಇಲ್ಲಿಗೆ ಬಂದ ಭವ್ಯ ನಿನ್ನ ಪ್ರವಾಸದ ಖರ್ಚಿನ ಚೀಟಿ ಓದಿದಳು. ವಿಮಾನಕ್ಕೆ ಐದು ಟಿಕೆಟ್, ಆಟದ ಪಾರ್ಕಿಗೆ ನಾಲ್ಕು!

"ನಂದೆಲ್ಲೋಯ್ತಮ್ಮಿ?" ಅಂದೆ.

"ಅಲ್ಲಿ ಓಟ್ಲು ಊಟ ದುಬಾರಿ ಕಣಜ್ಜಿ. ನೀನು ರೂಮಲ್ಲಿ ಅನ್ನ ಸಾರು ಮಾಡ್ಕಂಡಿರ್ಬೇಕಂತೆ, ಅಮ್ಮ ಹೇಳ್ತು" ಅಂದಿತು ಮಗು.

ಒಲೆ ಮುಂದೆ ನಿಲ್ಲುವುದಕ್ಕೆ ವಿಮಾನ ಯಾಕಪ್ಪ? ನನ್ನ ಒಲೆ ಇಲ್ಲೇ ಚೆನ್ನಾಗಿ ಉರಿಯುತ್ತದೆ. ಎರಡು ಕೆಜಿ ಸಾರಿನ ಪುಡಿ ಕುಟ್ಟಿಡಿ ಅಂತ ನಿನ್ನ ಹೆಂಡತಿ ಹೇಳಿ ಕಳಿಸಿದ್ದು ಯಾತಕ್ಕೆ ಅಂತ ಈಗ ಗೊತ್ತಾಯಿತು.

ವಯಸ್ಸಾದವಳಿಗೆ ಅಲ್ಲೇನು ಕೆಲಸ ಅಂತ ಸಬೂಬು ಹೇಳಬೇಡ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ನೀನೂ ನಿಮ್ಮಪ್ಪನೂ ದೊಡ್ಡ ತಿರುಗುವ ತೊಟ್ಟಿಲು ಹತ್ತಿದಾಗ ನನಗೆ ಮೂವತ್ತೂ ಆಗಿರಲಿಲ್ಲ. ಆಗಲೂ ಕೆಳಗೆ ನಿಂತು ನಿಮ್ಮ ಚಪ್ಪಲಿ ಕಾದವಳು ನಾನೇ.

ಐದನೇ ಟಿಕೆಟ್ ತೆಗೆಸು. ಆಮೇಲೆ ಪುಡಿ ಕುಟ್ಟುತ್ತೇನೆ, ಬೆಳಗ್ಗೆ ಎದ್ದು ಎಲ್ಲರಿಗೂ ಚಿತ್ರಾನ್ನ ಕಲಸಿ ಕಟ್ಟುತ್ತೇನೆ, ಅದಕ್ಕೆ ನನ್ನ ತಕರಾರಿಲ್ಲ. ಇಲ್ಲವಾದರೆ ನನ್ನ ಪಾಸ್‌ಪೋರ್ಟ್ ಅಕ್ಕಿ ಡಬ್ಬದಲ್ಲೇ ಇರಲಿ.

ಆ ಪಾರ್ಕಿನಲ್ಲಿ ಜೋರಾಗಿ ಓಡುವ ಬಂಡಿಗೆ ಹತ್ತಿಸುವ ಮೊದಲು ಆಳಿನ ಎತ್ತರ ಅಳೆಯುತ್ತಾರಂತೆ. ಭವ್ಯ ನನ್ನನ್ನು ಬಾಗಿಲಿಗೆ ಒರಗಿಸಿ ಟೇಪು ಹಿಡಿದಳು. ಸಾಕಾಗುತ್ತದಂತೆ.

ನಿಮ್ಮವ್ವ,
ಪುಟ್ಟಸಿದ್ದಮ್ಮ