ಸುಗಂಧಿ ಅತ್ತೆ ಮಂಗಳೂರಿಗೆ ಹೋದದ್ದು

ಹೊಸದುರ್ಗ,
ಇಸವಿ ಎರಡು ಸಾವಿರದ ನೂರ ಎಪ್ಪತ್ತೊಂದು, ಆಷಾಢದ ನಲವತ್ತೊಂದನೆಯ ದಿನ

ನನಗಿಂತ ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ಮಂದಾಕಿನಿಯ ನಮಸ್ಕಾರಗಳು.

ಆಷಾಢಕ್ಕೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ನಮ್ಮಲ್ಲಿ ಮಳೆ ಬಿಡುವವರೆಗೆ ಆಷಾಢ ಮುಗಿಯುವುದಿಲ್ಲ. ಪಂಚಾಂಗದವರು ಹಾಗೆಂದು ಗೊತ್ತುಮಾಡಿ ಬಹಳ ಕಾಲವಾಯಿತು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಇಲ್ಲಿ ಯಾರಿಗೂ ಹೇಳಿಕೊಳ್ಳಲಾಗದ್ದನ್ನು ಹೇಳಲು ನಿಮ್ಮನ್ನು ಹುಡುಕಿಕೊಂಡಿದ್ದೇನೆ.

ನನ್ನ ಗಂಡನ ತಾಯಿ ಸುಗಂಧಿ ಮಂಗಳೂರಿನ ಬೋಳಾರದವರು. ಅವರಿಗೆ ಹನ್ನೊಂದು ವರ್ಷವಾಗಿದ್ದಾಗ ಸಮುದ್ರ ಊರೊಳಗೆ ಬಂದು ನಿಂತಿತು, ಮತ್ತೆ ಹಿಂದಕ್ಕೆ ಹೋಗಲಿಲ್ಲ. ಜನರನ್ನು ಘಟ್ಟದ ಮೇಲಕ್ಕೆ ಸಾಗಿಸಿದ ದಿನ, ಬಂದರಿನ ಕಡೆಯ ಬಸ್ ಸ್ಟ್ಯಾಂಡಿನಲ್ಲಿ ಅವರು ಐದು ವರ್ಷದ ತಮ್ಮ ಪದ್ದುವಿನ ಕೈ ಹಿಡಿದುಕೊಂಡು ನಿಂತಿದ್ದರು. ಬಸ್ಸು ಬಂದಾಗ ನೂಕುನುಗ್ಗಲಾಯಿತು. ಕಂಬಿ ಹಿಡಿಯಲು ಒಂದು ಕೈ ಬೇಕಾಯಿತು. ಅವರು ಪದ್ದುವಿನ ಕೈ ಬಿಟ್ಟರು. ಬಸ್ಸು ಹೊರಟ ಮೇಲೆ ನೋಡಿದರೆ ಅವನು ಒಳಗಿರಲಿಲ್ಲ. ನೀರುಪಾಲಾದವರ ಪಟ್ಟಿಯಲ್ಲಿ ಅವನ ಹೆಸರು ಬಂತು. ಅರವತ್ತು ವರ್ಷ ಅತ್ತೆ ಈ ವಿಷಯ ಎತ್ತಲೇ ಇಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ಇದನ್ನೆಲ್ಲ ಮೊದಲ ಸಲ ಹೇಳಿ, ನನ್ನನ್ನು ಕೇಳಿದರು: "ಮಂದಾ, ನಂಗೆ ಒಮ್ಮೆ ಮಂಗ್ಳೂರಿಗೆ ಹೋಗ್ಬೇಕಿತ್ತು. ಅವನ ಕೈ ಬಿಟ್ಟ ಜಾಗ ನೋಡ್ಬೇಕು, ಅಷ್ಟೆ."

"ಅಲ್ಲಿ ಗಾಡಿ ಇಲ್ಲ ಅತ್ತೆ. ಈ ಮಂಡಿ ಇಟ್ಕೊಂಡು ಹೆಂಗೆ ಓಡಾಡ್ತೀರಿ? ಮುಂದಿನ ವರ್ಷ ನೋಡೋಣ."

ನಾನು ಸುಳ್ಳು ಹೇಳಲಿಲ್ಲ. ಅಲ್ಲಿ ಒಂಟಿಗಾಡಿಗಳಿಗೆ, ಎಂದರೆ ನೀವು ಕಾರು ಎನ್ನುವುದಕ್ಕೆ, ಪ್ರವೇಶವಿಲ್ಲ; ನೆಲ ಭಾರ ತಾಳುವುದಿಲ್ಲ. ಗಂಡ ರೈಲು ಹಳಿಯ ಕೆಲಸದವರು, ವರ್ಷದಲ್ಲಿ ಹತ್ತು ತಿಂಗಳು ಹೊರಗೆ. ಮನೆಯ ತೀರ್ಮಾನಗಳೆಲ್ಲ ನನ್ನವೇ. ಮರುವರ್ಷ ಅತ್ತೆ ಮತ್ತೆ ಕೇಳಿದರು, ಅದರ ಮರುವರ್ಷವೂ ಕೇಳಿದರು. ಎರಡು ಸಲವೂ ನಾನು ಮಂಡಿಯ ಮಾತನ್ನೇ ಆಡಿದೆ. ಈ ವೈಶಾಖದಲ್ಲಿ ಅವರು ಕೇಳಲಿಲ್ಲ. ಚೀಲ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ನಡೆದೇಬಿಟ್ಟಿದ್ದರು. ಪಕ್ಕದ ಮನೆಯವರು ಹೇಳಿದಾಗ ನಾನು ಹಿಂದೆಯೇ ಓಡಿ, ಉಟ್ಟ ಸೀರೆಯಲ್ಲಿ ಅದೇ ರೈಲು ಹತ್ತಿದೆ.

ಮಂಗಳೂರಿನ ಅಂಚಿನ ಪಡೀಲಿನಲ್ಲಿ ರೈಲು ಕೊನೆಯಾಗುತ್ತದೆ. ಅಲ್ಲಿ ನೋಡಲು ಬಂದವರಿಗೆ ಒಂದು ಹಸಿರು ಚೀಟಿ ಕೊಡುತ್ತಾರೆ. ಅದನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡರೆ ದಿನವಿಡೀ ಎಲ್ಲಿ ಬೇಕಾದರೂ ಹತ್ತಬಹುದು, ಇಳಿಯಬಹುದು. ಹುಟ್ಟಿದ ಊರಿನಲ್ಲೇ ಸಿಕ್ಕಿಸಿಕೊಂಡ ಪ್ರವಾಸಿಯ ಚೀಟಿಯ ಮೇಲೆ ಅತ್ತೆ ಸೆರಗು ಎಳೆದುಕೊಂಡರು. ಮುಂದೆ ನಾನು ಹೆದರಿದಂಥದ್ದು ಏನೂ ಇರಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ತೂಗುಹಾದಿಗಳಿವೆ, ನೀರಿನ ಮೇಲೆ ಕಟ್ಟಿದ ಅಗಲವಾದ ಹಲಗೆಯ ದಾರಿಗಳು. ನೂರು ಹೆಜ್ಜೆಗೊಂದು ಬೆಂಚು, ಬೆಂಚಿನ ಪಕ್ಕ ಎಳನೀರಿನ ಬೊಂಡ ಕೊಚ್ಚಿ ಕೊಡುವವರು. ಮುಳುಗಿದ ಬೀದಿಗಳ ಮೇಲೆ ನೀರ್ಬಸ್ಸು ಓಡುತ್ತದೆ. ಅದು ಚಪ್ಪಟೆ ತಳದ ದೋಣಿಯೇ, ಆದರೆ ಹಳೆಯ ಸಿಟಿ ಬಸ್ಸಿನ ನಂಬರುಗಳನ್ನೇ ಇಟ್ಟಿದ್ದಾರೆ. ಕಂಡಕ್ಟರು ಹಳೆಯ ಸ್ಟಾಪುಗಳ ಹೆಸರನ್ನೇ ಕೂಗುತ್ತಾರೆ, ಕೆಳಗೆ ಮೀನುಗಳು ಓಡಾಡುತ್ತಿದ್ದರೂ. ಮಂಡಿನೋವಿನವರು ಹತ್ತಲು ಒಂದು ಇಳಿಜಾರು ಹಲಗೆಯೂ ಇತ್ತು. ನಾನು ಆ ಹಲಗೆಯನ್ನೇ ನೋಡುತ್ತ ನಿಂತೆ.

ನಮ್ಮ ನೀರ್ಬಸ್ಸಿನ ಕಂಡಕ್ಟರು ಜೋಹರಾ ಎಂಬ ನಡುವಯಸ್ಸಿನ ಹೆಂಗಸು. ಬಂದರು ಹತ್ತಿರವಾದಾಗ ಅತ್ತೆ ಎದ್ದು ನಿಂತರು.

"ಕೂತ್ಕೊಳ್ಳಿ ಅಮ್ಮ, ಅಲೆ ಉಂಟು," ಎಂದಳು ಜೋಹರಾ.

"ಬಸ್ ಸ್ಟ್ಯಾಂಡ್ ಇದ್ದದ್ದು ಇಲ್ಲೇ ಅಲ್ವಾ? ಇಲ್ಲಿ ನನ್ನ ತಮ್ಮ ತಪ್ಪಿಹೋದದ್ದು. ಪದ್ದು ಅಂತ."

ಜೋಹರಾ ಅತ್ತೆಯ ಮುಖವನ್ನೇ ನೋಡಿದಳು. "ನಿಮ್ಮ ಹೆಸರು ಎಂತ?"

"ಸುಗಂಧಿ."

"ಬೋಳಾರದ ಸುಗಂಧಿಯಾ?"

ಅತ್ತೆ ತಲೆಯಾಡಿಸಿದರು. ಜೋಹರಾ ಅವರನ್ನು ಹಿಡಿದು ಕೂರಿಸಿ ತಾನೂ ಪಕ್ಕದಲ್ಲಿ ಕೂತಳು. ಪದ್ದು ಅವಳಿಗೆ ಕೆಲಸ ಕಲಿಸಿದವನು, ತನ್ನ ಕತೆಯನ್ನೆಲ್ಲ ಅವಳಿಗೆ ಹೇಳಿದ್ದ: ಆ ದಿನ ಯಾರೋ ದೋಣಿಯವರು ಅವನನ್ನು ಎತ್ತಿಕೊಂಡು ಕದ್ರಿ ಗುಡ್ಡಕ್ಕೆ ಮುಟ್ಟಿಸಿದ್ದರು. ಅವರೇ ಸಾಕಿದರು. ಅವನಿಗೆ ತನ್ನ ಹೆಸರು, ಬೋಳಾರ, ಸುಗಂಧಿ ಅಕ್ಕ ಎನ್ನುವುದು ಬಿಟ್ಟು ಬೇರೇನೂ ಹೇಳಲು ಗೊತ್ತಿರಲಿಲ್ಲ. ಮೂವತ್ತು ವರ್ಷ ಇದೇ ನೀರ್ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಘಟ್ಟದ ಮೇಲಿಂದ ಬಂದ ಪ್ರತಿಯೊಬ್ಬ ಹೆಂಗಸಿನ ಹೆಸರು ಕೇಳುತ್ತಿದ್ದ.

"ಈಗೆಲ್ಲಿದ್ದಾನೆ?" ಎಂದರು ಅತ್ತೆ. ಅವರ ಮುಖದಲ್ಲಿ ಆ ಕ್ಷಣ ಮೂಡಿದ ಬೆಳಕನ್ನು ನಾನು ಸಾಯುವವರೆಗೆ ಮರೆಯಲಾರೆ.

ಜೋಹರಾ ಅವರ ಕೈ ಹಿಡಿದುಕೊಂಡಳು. "ಹೋದ ಮಾಘದಲ್ಲಿ ತೀರಿಹೋದ್ರಮ್ಮ. ಜ್ವರ ಬಂದದ್ದು, ನಾಲ್ಕು ದಿನ."

ಮಾಘ ಕಳೆದು ಮೂರೇ ತಿಂಗಳಾಗಿತ್ತು.

ಅತ್ತೆ ಅಳಲಿಲ್ಲ. ಅವನಿದ್ದ ಕೋಣೆ ನೋಡಬೇಕು ಎಂದರು. ಪಾಳಿ ಮುಗಿಸಿ ಜೋಹರಾ ನಮ್ಮನ್ನು ಕರೆದೊಯ್ದಳು. ಕದ್ರಿಯಲ್ಲಿ ನೀರ್ಬಸ್ಸು ನಿಲ್ಲುವ ಕಟ್ಟೆಯಿಂದ ಮೇಲಕ್ಕೆ ನೂರಾರು ಮೆಟ್ಟಿಲು. ಅವರು ಒಂದು ಕಡೆಯೂ ಕೂರದೆ ಹತ್ತಿದರು. ನಾನೇ ಏದುಸಿರು ಬಿಡುತ್ತ ಹಿಂದುಳಿದೆ. ಕೋಣೆಗೆ ಬೇರೆಯವರು ಬಂದಾಗಿತ್ತು, ಬಾಗಿಲಲ್ಲಿ ಅವರ ಮಕ್ಕಳ ಚಪ್ಪಲಿಗಳಿದ್ದವು. ಅತ್ತೆ ಒಳಗೆ ಹೋಗಲಿಲ್ಲ. ಹೊರಗೆ ನಿಂತೇ ಜೋಹರಾಳನ್ನು ಕೇಳುತ್ತಾ ಹೋದರು: ಅವನಿಗೆ ಮದುವೆ ಆಗಿತ್ತಾ? ಇಲ್ಲ. ಊಟಕ್ಕೆ ಎಂತ ಮಾಡ್ತಿದ್ದ? ಅವರೇ ಬೇಯಿಸಿಕೊಳ್ತಿದ್ರು, ಗಂಜಿ ಮತ್ತು ಒಣಮೀನಿನ ಚಟ್ನಿ. ನಗ್ತಿದ್ದನಾ? ತುಂಬ ನಗ್ತಿದ್ರು.

ಕೊನೆಗೆ ಕೇಳಿದರು: "ಅಕ್ಕ ಬರ್ತಾಳೆ ಅಂತ ಹೇಳ್ತಿದ್ದನಾ?"

ಜೋಹರಾ ಬಾಗಿಲಿನ ಚಪ್ಪಲಿಗಳತ್ತ ನೋಡಿದಳು. ಅವಳು ಒಳ್ಳೆಯವಳು, ಸುಳ್ಳು ಹೇಳಲು ಬಾರದವಳು. "ಹೇಳ್ತಿದ್ರು ಅಮ್ಮ. ಕಡೆಯ ಎರಡು ವರ್ಷ ಹೇಳ್ತಿರ್ಲಿಲ್ಲ. ಹೆಸರು ಕೇಳುದೂ ಬಿಟ್ಟಿದ್ರು."

ಆಗ ಅತ್ತೆ ಅತ್ತರು. ಮೊದಲ ಸಲ ಅವರು ನನ್ನನ್ನು ಕೇಳಿದ ವರ್ಷವೇ ಹೊರಟಿದ್ದರೆ, ಅವನಿನ್ನೂ ಹೆಸರು ಕೇಳುತ್ತಿದ್ದ. ಈ ಲೆಕ್ಕ ನನಗೆ ಹೊಳೆದಾಗ ಅತ್ತೆಗೂ ಹೊಳೆದೇ ಇರಬೇಕು. ಬೈಯಲಿ ಎಂದು ಕಾದೆ. ರೈಲಿನಲ್ಲಿ, ಘಟ್ಟ ಹತ್ತುವಾಗ, ಅವರು ನನ್ನ ತೊಡೆಯ ಮೇಲೆ ಕೈಯಿಟ್ಟು ಹೇಳಿದರು: "ನೀನು ಓಡಿ ಬಂದದ್ದು ಒಳ್ಳೆದಾಯ್ತು ಮಂದಾ. ಒಬ್ಬಳೇ ಆಗಿದ್ರೆ ನಂಗೆ ಅದನ್ನು ಕೇಳ್ಲಿಕ್ಕೆ ಆಗ್ತಿರ್ಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಿರಿಯರೇ, ನಿಮ್ಮ ಕಾಲದಲ್ಲಿ ಮಂಗಳೂರಿನ ರಸ್ತೆಗಳು ಇನ್ನೂ ಒಣಗಿವೆ. ನಿಮ್ಮ ಮನೆಯಲ್ಲಿ ಯಾರಾದರೂ ಎಲ್ಲಿಗಾದರೂ ಒಮ್ಮೆ ಹೋಗಬೇಕಿತ್ತು ಎಂದು ಅಂದಿದ್ದರೆ, ಗಾಡಿ ಇಲ್ಲ, ಮಂಡಿ ನೋವು, ಬಿಸಿಲು ಎನ್ನಬೇಡಿ. ಸಿಟಿ ಬಸ್ಸು ಹತ್ತಿಸಿ, ನಡೆಸಿ, ಕೂರಿಸಿ, ಮತ್ತೆ ನಡೆಸಿ. ದಾರಿ ಹೇಳುವವರು ಆ ಊರಿನಲ್ಲಿ ಎಲ್ಲ ಕಾಲದಲ್ಲೂ ಇದ್ದಾರೆ.

ನಾನೀಗ ದಿನಾ ಬೆಳಿಗ್ಗೆ ಅತ್ತೆಯನ್ನು ಕೇಳುತ್ತೇನೆ, ಎಲ್ಲಿಗಾದರೂ ಹೋಗಿ ಬರೋಣವೇ ಎಂದು. "ಇನ್ನು ಎಲ್ಲಿಗೆ ಮಾರಾಯ್ತಿ?" ಎನ್ನುತ್ತಾರೆ.

ನಿಮ್ಮ ಮಗಳಂಥ,
ಮಂದಾಕಿನಿ